ಅವಳೇ ಒಪ್ಪಿ ಹೋದರೂ ಕಿಡ್ನ್ಯಾಪ್ ಕೇಸು ಯಾಕೆ?

ಕೋಲಾರ ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿ. ಪೇಪರಿನ ಜಿಲ್ಲಾ ಪುಟದಲ್ಲಿ ನಾಲ್ಕೇ ಸಾಲಿನ ಸುದ್ದಿ. ಹದಿನೇಳು ವರ್ಷದ ಹುಡುಗಿ ಮನೆ ಬಿಟ್ಟು ಹೋಗಿದ್ದಾಳೆ, ಇಪ್ಪತ್ತೆರಡರ ಹುಡುಗನ ಮೇಲೆ ಅಪಹರಣ ಕೇಸು ದಾಖಲಾಗಿದೆ.

"ಅವಳೇ ಬ್ಯಾಗ್ ತುಂಬ್ಕೊಂಡು ಬಸ್ ಹತ್ತಿದ್ದಾಳಂತೆ. ಅದು ಕಿಡ್ನ್ಯಾಪ್ ಹೆಂಗಾಗುತ್ತೆ ಅಣ್ಣ?" ಅಂತ ಒಬ್ಬರು ಕೇಳಿದರು. "ಹುಡುಗಿ ಅಪ್ಪ ಜೋರಿರಬೇಕು ಬಿಡು, ಸುಳ್ಳು ಕೇಸು ಹಾಕ್ಸಿರ್ತಾರೆ" ಅಂತ ಇನ್ನೊಬ್ಬರು ತೀರ್ಪನ್ನೇ ಕೊಟ್ಟುಬಿಟ್ಟರು. ಟೀ ಮುಗಿಯುವ ಹೊತ್ತಿಗೆ ಮಾತು ಟೊಮೆಟೊ ರೇಟಿನ ಕಡೆ ತಿರುಗಿತು.

ಕೇಳಿದವರ ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು. ಕಿಡ್ನ್ಯಾಪ್ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಸಿನಿಮಾ ದೃಶ್ಯ. ಓಮ್ನಿ ವ್ಯಾನು, ಬಾಯಿಗೆ ಕರ್ಚೀಫು, ಕಿರುಚಾಟ. ಇದ್ಯಾವುದೂ ಇಲ್ಲದೆ, ನಗುನಗುತ್ತಾ ಒಟ್ಟಿಗೆ ಬಂಗಾರಪೇಟೆ ಜಂಕ್ಷನ್‌ನಲ್ಲಿ ರೈಲು ಹತ್ತಿದರೂ ಕಾನೂನು ಅದನ್ನು ಕಿಡ್ನ್ಯಾಪ್ ಅನ್ನಬಹುದು. ಸಿನಿಮಾದಲ್ಲಿ ನೋಡುವ ಆ ವ್ಯಾನಿನ ದೃಶ್ಯ ಇದೆಯಲ್ಲ, ಅದು ಎಷ್ಟೋ ಸಲ ಕಾನೂನಿನ ಲೆಕ್ಕದಲ್ಲಿ ಕಿಡ್ನ್ಯಾಪಿಂಗ್ ಅಲ್ಲವೇ ಅಲ್ಲ. ಅದಕ್ಕೆ ಬೇರೆ ಹೆಸರಿದೆ.

ನಮಗೆ ಒಂದೇ ಪದ, ಕಾನೂನಿಗೆ ಎರಡು

ಗೊಂದಲ ಶುರುವಾಗುವುದು ಭಾಷೆಯಿಂದಲೇ. ಪೇಪರಿನವರಿಗೆ ಎಲ್ಲವೂ 'ಅಪಹರಣ'. ಊರಲ್ಲಿ 'ಎತ್ಕೊಂಡು ಹೋದ್ರು' ಅಂತಾರೆ. ಕಾನೂನಿನಲ್ಲಿ ಮಾತ್ರ ಎರಡು ಬೇರೆ ಬೇರೆ ಪದಗಳಿವೆ. ಒಂದು ಕಿಡ್ನ್ಯಾಪಿಂಗ್, ಇನ್ನೊಂದು ಅಬ್ಡಕ್ಷನ್. ಹಿಂದಿಯ ಕಾನೂನು ಪುಸ್ತಕದಲ್ಲಿ ಮೊದಲನೆಯದಕ್ಕೆ 'ವ್ಯಪಹರಣ', ಎರಡನೆಯದಕ್ಕೆ 'ಅಪಹರಣ' ಅಂತ ಇದೆ. ಅಂದರೆ ಅವರ ಲೆಕ್ಕದಲ್ಲಿ ಅಪಹರಣ ಅಂದರೆ ಅಬ್ಡಕ್ಷನ್ ಮಾತ್ರ. ನಾವು ಎರಡಕ್ಕೂ ಅದನ್ನೇ ಬಳಸುತ್ತೇವೆ. ಹಾಗಾಗಿ ಈ ಲೇಖನದಲ್ಲಿ ಇಂಗ್ಲಿಷ್ ಹೆಸರುಗಳನ್ನೇ ಇಟ್ಟುಕೊಳ್ಳೋಣ.

1860ರ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿ, ಈ ಎರಡನ್ನೂ ಬೇರೆ ಬೇರೆ ಕಲಮುಗಳಲ್ಲಿ ಇಟ್ಟಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಬಿಎನ್‌ಎಸ್, ಬಂದಿದೆ. ಹೊಸ ಕಾನೂನಿನಲ್ಲಿ ಕಿಡ್ನ್ಯಾಪಿಂಗ್ ಕಲಂ 137ರಲ್ಲಿದೆ, ಅಬ್ಡಕ್ಷನ್ ಕಲಂ 138ರಲ್ಲಿದೆ. ಹಳೆಯ ನಂಬರು ಕ್ರಮವಾಗಿ 359ರಿಂದ 361 ಮತ್ತು 362. ಆ ದಿನಕ್ಕಿಂತ ಮುಂಚೆ ನಡೆದ ಘಟನೆಗಳಿಗೆ ಹಳೆಯ ಕಾನೂನೇ ಅನ್ವಯ. ಅದಕ್ಕೇ ಕೋರ್ಟ್ ಸುದ್ದಿಗಳಲ್ಲಿ ಈಗಲೂ 'ಐಪಿಸಿ 363' ಅಂತ ಕಾಣುತ್ತದೆ. ಅದು ಅಚ್ಚಿನ ತಪ್ಪಲ್ಲ.

ಕಿಡ್ನ್ಯಾಪಿಂಗ್: ಬೇಲಿಯ ಕೀಲಿ ಯಾರ ಕೈಲಿ?

ಇಂಗ್ಲಿಷಿನ ಆ ಪದದೊಳಗೇ ಮಗು ಇದೆ. 'ಕಿಡ್' ಅಂದರೆ ಮಗು, 'ನ್ಯಾಪ್' ಅಂದರೆ ಎಗರಿಸುವುದು. ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಮಕ್ಕಳನ್ನು ಕದ್ದು ಅಮೆರಿಕದ ವಸಾಹತುಗಳಿಗೆ ಕೂಲಿಗೆ ಸಾಗಿಸುತ್ತಿದ್ದರು. ಪದ ಹುಟ್ಟಿದ್ದು ಆ ಕಾಲದಲ್ಲಿ. ಈ ಹಿನ್ನೆಲೆ ನೆನಪಿಟ್ಟುಕೊಂಡರೆ ಮುಂದಿನದು ಸುಲಭ.

ಕಾನೂನು ಹೇಳುವ ಕಿಡ್ನ್ಯಾಪಿಂಗ್‌ನಲ್ಲಿ ಎರಡು ಬಗೆ. ಒಂದು, ವ್ಯಕ್ತಿಯನ್ನು ಒಪ್ಪಿಗೆ ಇಲ್ಲದೆ ಭಾರತದಿಂದ ಆಚೆ ಸಾಗಿಸುವುದು. ಇದಕ್ಕೆ ವಯಸ್ಸಿನ ಲೆಕ್ಕ ಇಲ್ಲ. ಇನ್ನೊಂದು, ಮಗುವನ್ನು ಅದರ ಪೋಷಕರ ಒಪ್ಪಿಗೆ ಇಲ್ಲದೆ ಅವರ ಸುಪರ್ದಿಯಿಂದ ಕರೆದುಕೊಂಡು ಹೋಗುವುದು, ಇಲ್ಲವೇ ಪುಸಲಾಯಿಸಿ ಕರೆಸಿಕೊಳ್ಳುವುದು. ಮಗು ಅಂದರೆ ಇಲ್ಲಿ 18 ತುಂಬದ ಯಾರೇ ಆದರೂ. ಮನಸ್ಸಿನ ಸ್ಥಿಮಿತ ಇಲ್ಲದವರಿಗೂ ಇದೇ ರಕ್ಷಣೆ ಇದೆ, ಅವರಿಗೆ ವಯಸ್ಸಿನ ಮಿತಿ ಇಲ್ಲ. ಊರಿನಲ್ಲಿ ದಾಖಲಾಗುವ ಕೇಸುಗಳಲ್ಲಿ ನಾವು ಓದುವುದು ಹೆಚ್ಚಾಗಿ ಈ ಎರಡನೇ ಬಗೆಯನ್ನೇ.

ಹೀಗೆ ಯೋಚಿಸಿ. ಕಾನೂನು ಪ್ರತಿಯೊಂದು ಮಗುವಿನ ಸುತ್ತ ಒಂದು ಬೇಲಿ ಹಾಕಿದೆ. ಬೇಲಿಯ ಗೇಟಿಗೆ ಬೀಗ ಇದೆ. ಕೀಲಿ ಇರುವುದು ಮಗುವಿನ ಕೈಲಲ್ಲ, ಪೋಷಕರ ಕೈಲಿ. ಹೊರಗಿನವನೊಬ್ಬ ಬಂದು "ಬಾ ಪುಟ್ಟ" ಅಂತ ಕರೆದ, ಮಗು ಖುಷಿಯಾಗಿಯೇ ಹೋಯಿತು ಅಂತಿಟ್ಟುಕೊಳ್ಳಿ. ಕಾನೂನು ಮಗುವನ್ನು "ನಿನಗೆ ಒಪ್ಪಿಗೆ ಇತ್ತಾ?" ಅಂತ ಕೇಳುವುದಿಲ್ಲ. ಕೀಲಿ ಇದ್ದವರನ್ನು "ನೀವು ಒಪ್ಪಿದ್ದಿರಾ?" ಅಂತ ಕೇಳುತ್ತದೆ. ಅವರು ಇಲ್ಲ ಅಂದರೆ ಅಪರಾಧ ಆಯಿತು.

ಬಲವಂತ ಬೇಕಿಲ್ಲ. ಮೋಸ ಬೇಕಿಲ್ಲ. ಕೆಟ್ಟ ಉದ್ದೇಶವೂ ಬೇಕಿಲ್ಲ. ಐದು ರೂಪಾಯಿ ಚಾಕಲೇಟು ಸಾಕು, ಅದೂ ಇಲ್ಲದೆ ಬರೀ ಮಾತೂ ಸಾಕು. ಶಿಕ್ಷೆ ಏಳು ವರ್ಷದವರೆಗೆ ಜೈಲು, ಜೊತೆಗೆ ದಂಡ. ಎಫ್‌ಐಆರ್‌ನಲ್ಲಿ 'ಕಲಂ 137(2)' ಅಂತ ಕಂಡರೆ ಅದು ಇದೇ. ಕಳ್ಳತನದ ಹಾಗೆ ಇದರಲ್ಲೂ ಪೊಲೀಸರು ಕೋರ್ಟಿನ ವಾರಂಟಿಗೆ ಕಾಯದೆ ಬಂಧಿಸಬಹುದು.

'ಪೋಷಕರು' ಅಂದಾಗ ಅಪ್ಪ ಅಮ್ಮ ಮಾತ್ರ ಅಂದುಕೊಳ್ಳಬೇಡಿ. ಮಗುವನ್ನು ನೋಡಿಕೊಳ್ಳುವ ಜವಾಬ್ದಾರಿ ನ್ಯಾಯವಾಗಿ ಯಾರ ಕೈಗೆ ಬಂದಿದೆಯೋ ಅವರೆಲ್ಲ ಸೇರುತ್ತಾರೆ. ಅಪ್ಪ ಅಮ್ಮ ನರಸಾಪುರದ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗುವಾಗ ಮಗುವನ್ನು ಅಜ್ಜಿ ಹತ್ತಿರ ಬಿಟ್ಟರೆ, ಆ ಹೊತ್ತಿಗೆ ಅಜ್ಜಿಯೂ ಪೋಷಕಿ. ಹಾಸ್ಟೆಲ್ ವಾರ್ಡನ್ನೂ ಹಾಗೇ, ಸ್ಕೂಲಿನ ಮೇಷ್ಟ್ರೂ ಹಾಗೇ.

'ಸುಪರ್ದಿ' ಅನ್ನುವುದಕ್ಕೂ ವಿಶಾಲ ಅರ್ಥ ಇದೆ. ಮಗು ಬೀದಿಯಲ್ಲಿ ಗೋಲಿ ಆಡುತ್ತಿದ್ದರೂ, ಟ್ಯೂಷನ್ನಿಗೆ ಒಬ್ಬನೇ ನಡೆದು ಹೋಗುತ್ತಿದ್ದರೂ ಅದು ಪೋಷಕರ ಸುಪರ್ದಿಯಲ್ಲೇ ಇದೆ. ಅಮ್ಮ ಕೈ ಹಿಡಿದುಕೊಂಡೇ ಇರಬೇಕು ಅಂತೇನಿಲ್ಲ. "ಮಗು ಒಂದೇ ಇತ್ತು ಸ್ವಾಮಿ, ಯಾರೂ ಜೊತೆಗಿರಲಿಲ್ಲ" ಅನ್ನುವ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ. ಹಾಗಂತ ಆವನಿ ಜಾತ್ರೆಯಲ್ಲಿ ಅಳುತ್ತಾ ನಿಂತ ಮಗುವನ್ನು ಕೈ ಹಿಡಿದು ಪೊಲೀಸರ ಹತ್ತಿರ ಬಿಟ್ಟರೆ ಹೆದರಬೇಕಾಗಿಲ್ಲ. ನೀವು ಮಗುವನ್ನು ಸುಪರ್ದಿಯಿಂದ ತೆಗೆಯುತ್ತಿಲ್ಲ, ವಾಪಸ್ ಸೇರಿಸುತ್ತಿದ್ದೀರಿ. ಯಾರಿಗೂ ಹೇಳದೆ ನೇರ ನಿಮ್ಮ ಊರಿಗೆ ಕರೆದುಕೊಂಡು ಹೋದರೆ ಆಗ ಪ್ರಶ್ನೆ ಏಳುತ್ತದೆ.

ಪೋಷಕರ ಒಪ್ಪಿಗೆ ಇದ್ದರೆ ಕಿಡ್ನ್ಯಾಪಿಂಗ್ ಇಲ್ಲ. ಅದು ನಿಜವಾದ ಒಪ್ಪಿಗೆ ಆಗಿರಬೇಕು, ಅಷ್ಟೇ. "ನಿಮ್ಮ ಹುಡುಗನಿಗೆ ಬೆಂಗಳೂರಿನಲ್ಲಿ ಓದು ಕೊಡಿಸ್ತೀನಿ" ಅಂತ ಹೇಳಿ ಕರೆದೊಯ್ದು ಇನ್ನೇನಕ್ಕೋ ಬಳಸಿದರೆ, ತಪ್ಪು ತಿಳಿವಳಿಕೆಯಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅನ್ನುತ್ತದೆ ಬಿಎನ್‌ಎಸ್ ಕಲಂ 28. ಹೆದರಿಸಿ ಪಡೆದ ಒಪ್ಪಿಗೆಗೂ ಇದೇ ಗತಿ.

ಇಲ್ಲಿ ಹೊಸ ಕಾನೂನು ಮಾಡಿದ ಒಂದು ಬದಲಾವಣೆ ಜನರಿಗೆ ಅಷ್ಟಾಗಿ ಗೊತ್ತಾಗಿಲ್ಲ. ಐಪಿಸಿಯಲ್ಲಿ ಹುಡುಗಿಗೆ 18, ಹುಡುಗನಿಗೆ 16 ಅಂತ ಬೇರೆ ಬೇರೆ ಗೆರೆ ಇತ್ತು. ಹದಿನಾರೂವರೆ ವರ್ಷದ ಹುಡುಗನನ್ನು ಮನೆಯಲ್ಲಿ ಕೇಳದೆ ಮೇಸ್ತ್ರಿಯೊಬ್ಬ ಕೆಲಸಕ್ಕೆ ಕರೆದುಕೊಂಡು ಹೋದರೆ, ಹಳೆಯ ಲೆಕ್ಕದಲ್ಲಿ ಅದು ಪೋಷಕರ ಸುಪರ್ದಿಯಿಂದ ಮಾಡಿದ ಕಿಡ್ನ್ಯಾಪಿಂಗ್ ಆಗುತ್ತಿರಲಿಲ್ಲ. ಈಗ ಆಗುತ್ತದೆ. ಹುಡುಗ, ಹುಡುಗಿ ಇಬ್ಬರಿಗೂ ಒಂದೇ ಗೆರೆ, 18.

ಅಬ್ಡಕ್ಷನ್: ಅಣ್ಣಾವ್ರ ಪ್ರಕರಣ ನೆನಪಿದೆಯಾ?

2000ದ ಜುಲೈ 30ರ ರಾತ್ರಿ ತಮಿಳುನಾಡಿನ ಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕಾಡಿಗೆ ಕರೆದೊಯ್ದ. ಅವರು ವಾಪಸ್ ಬಂದಿದ್ದು ನವೆಂಬರ್ 15ಕ್ಕೆ, 108 ದಿನ ಆದಮೇಲೆ. ಆ ದಿನಗಳಲ್ಲಿ ರೇಡಿಯೊ ಮುಂದೆ ಕೂತಿದ್ದವರಿಗೆ ಅದಕ್ಕಿಂತ ದೊಡ್ಡ ಕಿಡ್ನ್ಯಾಪ್ ಇನ್ನೊಂದಿಲ್ಲ. ಇಂಗ್ಲಿಷ್ ಪೇಪರುಗಳೂ ಹಾಗೇ ಬರೆದವು.

ಕಾನೂನಿನ ಮೊದಲ ಪ್ರಶ್ನೆ ಕೇಳಿ ನೋಡೋಣ. ಅವರು ಮಗುವೇ? ಆಗ ಅವರಿಗೆ 71 ವರ್ಷ. ಭಾರತದಿಂದ ಆಚೆ ಸಾಗಿಸಿದರೇ? ಇಲ್ಲ. ಅಲ್ಲಿಗೆ ಕಿಡ್ನ್ಯಾಪಿಂಗ್‌ನ ಎರಡೂ ಬಗೆ ಬಿದ್ದುಹೋದವು. ಅದು ಅಬ್ಡಕ್ಷನ್.

ಅಬ್ಡಕ್ಷನ್ನಿನ ವ್ಯಾಖ್ಯೆ ಒಂದೇ ಸಾಲಿನದು. ಯಾರನ್ನೇ ಆಗಲಿ ಬಲ ಹಾಕಿ, ಇಲ್ಲವೇ ಮೋಸ ಮಾಡಿ, ಇರುವ ಜಾಗದಿಂದ ಹೊರಡುವ ಹಾಗೆ ಮಾಡುವುದು. ಲ್ಯಾಟಿನ್ ಮೂಲದ ಆ ಪದಕ್ಕೆ 'ದೂರ ಕರೆದೊಯ್ಯುವುದು' ಅಂತಲೇ ಅರ್ಥ. ವಯಸ್ಸು ಎಂಟಾದರೂ ಸರಿ, ಎಂಬತ್ತಾದರೂ ಸರಿ. ಪೋಷಕರು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕೀಲಿ ಇರುವುದು ಆ ವ್ಯಕ್ತಿಯ ಕೈಲೇ. ಅವರು ಮನಸಾರೆ ಒಪ್ಪಿ ಹೊರಟಿದ್ದರೆ ಅಬ್ಡಕ್ಷನ್ ಇಲ್ಲ. ಕೈ ತಿರುಚಿ ಕೀಲಿ ಕಿತ್ತುಕೊಂಡರೆ ಬಲ, ಸುಳ್ಳು ಹೇಳಿ ಇಸಿದುಕೊಂಡರೆ ಮೋಸ.

ಮೋಸದ ದಾರಿ ನಾವು ಅಂದುಕೊಂಡಿದ್ದಕ್ಕಿಂತ ಸುಲಭ. "ನಿಮ್ಮ ಅಪ್ಪಂಗೆ ಆ್ಯಕ್ಸಿಡೆಂಟ್ ಆಗಿದೆ, ಆಸ್ಪತ್ರೆಗೆ ಹೋಗೋಣ ಬಾ" ಅಂತ ಇಪ್ಪತ್ತೈದು ವರ್ಷದವರೊಬ್ಬರನ್ನು ಕಾರು ಹತ್ತಿಸಿಕೊಂಡರೆ ಅವರು ತಮ್ಮ ಕಾಲ ಮೇಲೆ ನಡೆದೇ ಬಂದಿರುತ್ತಾರೆ. ಯಾರೂ ಮುಟ್ಟಿರುವುದಿಲ್ಲ. ಆದರೂ ಅದು 'ಮೋಸದಿಂದ ಹೊರಡಿಸಿದ್ದು'.

ನಮ್ಮ ಜಿಲ್ಲೆಗೂ ಇದು ಹೊಸದೇನಲ್ಲ. ಕೋಲಾರದ ಕಡೆಯ ಮಾಜಿ ಸಚಿವರೊಬ್ಬರು 2020ರ ನವೆಂಬರ್‌ನಲ್ಲಿ ತಮ್ಮನ್ನು ದಾರಿಯಲ್ಲಿ ಅಡ್ಡಹಾಕಿ ಎತ್ತಿಕೊಂಡು ಹೋಗಿ ಹಣ ಕೇಳಿದರು ಅಂತ ದೂರು ಕೊಟ್ಟಿದ್ದರು. ರಾಜ್ಯವೆಲ್ಲ ಅದನ್ನು ಕಿಡ್ನ್ಯಾಪ್ ಅಂತಲೇ ಮಾತಾಡಿಕೊಂಡಿತು. ವಯಸ್ಕರನ್ನು ಹಾಗೆ ಎತ್ತಿಕೊಂಡು ಹೋದರೆ ಕಾನೂನಿನ ಮಾತಲ್ಲಿ ಅದೂ ಅಬ್ಡಕ್ಷನ್ನೇ.

ಇನ್ನೊಂದು ಸಣ್ಣ ವ್ಯತ್ಯಾಸ ಇದೆ. ಮಗು ಪೋಷಕರ ಸುಪರ್ದಿಯಿಂದ ಆಚೆ ಬಂದ ಕ್ಷಣಕ್ಕೆ ಕಿಡ್ನ್ಯಾಪಿಂಗ್ ಮುಗಿದುಹೋಗುತ್ತದೆ. ಮೊಟ್ಟೆ ಒಡೆದ ಹಾಗೆ, ಒಂದೇ ಸಲ. ಅಬ್ಡಕ್ಷನ್ ಹಾಗಲ್ಲ, ಎಳೆಯುತ್ತಾ ಹೋಗುತ್ತದೆ. ಮುಳಬಾಗಿಲಿನಿಂದ ಮಾಲೂರಿಗೆ, ಅಲ್ಲಿಂದ ಹೊಸೂರಿಗೆ ಬಲವಂತವಾಗಿ ಜಾಗ ಬದಲಿಸುತ್ತಿದ್ದರೆ ಅಷ್ಟು ಕಾಲವೂ ಅದು ನಡೆಯುತ್ತಲೇ ಇರುತ್ತದೆ. ಆದ್ದರಿಂದ ಅರ್ಧ ದಾರಿಯಲ್ಲಿ ಸೇರಿಕೊಂಡು ಕಾರು ಓಡಿಸಿದವನೂ ಸಿಕ್ಕಿಬೀಳಬಹುದು.

ಅಬ್ಡಕ್ಷನ್‌ಗೆ ಶಿಕ್ಷೆಯೇ ಇಲ್ಲವಾ?

ಇದನ್ನು ಮೊದಲ ಸಲ ಓದಿದಾಗ ನಾನೂ ಪುಟ ತಿರುಗಿಸಿ ಹುಡುಕಿದ್ದೆ, ಎಲ್ಲೋ ಒಂದು ಸಾಲು ಬಿಟ್ಟುಹೋಗಿದೆ ಅಂತ. ಬಿಟ್ಟುಹೋಗಿಲ್ಲ. ಕಲಂ 138 ಅಬ್ಡಕ್ಷನ್ ಅಂದರೆ ಏನು ಅಂತ ಹೇಳಿ ಸುಮ್ಮನಾಗುತ್ತದೆ. ಶಿಕ್ಷೆಯ ಮಾತೇ ಇಲ್ಲ. ಹಳೆಯ 362 ಕೂಡ ಹಾಗೇ ಇತ್ತು.

ಕಾರಣ ಇದು. ಅಬ್ಡಕ್ಷನ್‌ನ ವಿಷಯದಲ್ಲಿ ಕಾನೂನು 'ಯಾತಕ್ಕೆ ಕರೆದೊಯ್ದೆ?' ಅಂತ ಕೇಳಿ ಆಮೇಲೆ ಶಿಕ್ಷೆ ತೂಗುತ್ತದೆ. ಕೊಲ್ಲುವುದಕ್ಕಾಗಿ ಅಂದರೆ ಜೀವಾವಧಿ ಅಥವಾ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ. ಗುಟ್ಟಾಗಿ ಕೂಡಿಹಾಕುವುದಕ್ಕೆ ಅಂದರೆ ಏಳು ವರ್ಷದವರೆಗೆ. ತೀವ್ರ ಗಾಯ ಮಾಡುವುದಕ್ಕೆ ಅಥವಾ ಗುಲಾಮಗಿರಿಗೆ ಅಂದರೆ ಹತ್ತು ವರ್ಷದವರೆಗೆ. ಇವೆಲ್ಲ ಕಲಂ 140ರಲ್ಲಿವೆ. ಹೆಣ್ಣುಮಗಳನ್ನು ಬಲವಂತದ ಮದುವೆಗಾಗಿ ಎಳೆದೊಯ್ದರೆ ಕಲಂ 87, ಹತ್ತು ವರ್ಷದವರೆಗೆ. ಈ ಕಲಮುಗಳಲ್ಲಿ 'ಕಿಡ್ನ್ಯಾಪ್ ಅಥವಾ ಅಬ್ಡಕ್ಟ್' ಅಂತ ಎರಡೂ ಒಟ್ಟಿಗೇ ಬರುತ್ತವೆ. ಕರೆದೊಯ್ದದ್ದು ದೊಡ್ಡವರನ್ನೋ ಚಿಕ್ಕವರನ್ನೋ, ಆ ಉದ್ದೇಶ ಇತ್ತು ಅಂತ ಸಾಬೀತಾದರೆ ಶಿಕ್ಷೆ ಒಂದೇ.

ಈ ಪಟ್ಟಿಯಲ್ಲಿ ಯಾವ ಉದ್ದೇಶವೂ ಹೊಂದದಿದ್ದರೆ ಆರೋಪಿ ಆರಾಮಾಗಿ ಮನೆಗೆ ಹೋಗುತ್ತಾನೆ ಅಂತಲ್ಲ. ದಾರಿ ಅಡ್ಡಗಟ್ಟುವುದು, ಅಕ್ರಮವಾಗಿ ಕೂಡಿಹಾಕುವುದು, ಹೊಡೆಯುವುದು, ಬೆದರಿಸುವುದು ಎಲ್ಲಕ್ಕೂ ಬೇರೆ ಕಲಮುಗಳಿವೆ. ಅಬ್ಡಕ್ಷನ್ ಅನ್ನುವ ಹೆಸರಿಗೆ ಮಾತ್ರ ತನ್ನದೇ ಶಿಕ್ಷೆ ಇಲ್ಲ, ಅಷ್ಟೇ.

ಮಕ್ಕಳ ವಿಷಯದಲ್ಲಿ 'ಯಾತಕ್ಕೆ' ಅನ್ನುವುದಕ್ಕೆ ಕಾನೂನು ಕಾಯುವುದೇ ಇಲ್ಲ. ಕರೆದೊಯ್ದರೆ ಏಳು ವರ್ಷದವರೆಗೆ. ಉದ್ದೇಶ ಕೆಟ್ಟದಿದ್ದರೆ ಇನ್ನೂ ಜಾಸ್ತಿ. ಭಿಕ್ಷೆ ಬೇಡಿಸುವುದಕ್ಕೆ ಮಗುವನ್ನು ಕದ್ದರೆ ಕಡಿಮೆ ಅಂದರೂ ಹತ್ತು ವರ್ಷ, ಜೀವಾವಧಿಯೂ ಆಗಬಹುದು.

ಹದಿನೇಳೂ ಮುಕ್ಕಾಲು

ಈಗ ಟೀ ಅಂಗಡಿಯ ಹುಡುಗಿಯ ಕಡೆ ಬರೋಣ. ಅವಳಿಗೆ 17. ತಾನೇ ಹೊರಟಳು. ಬೇಲಿಯ ಲೆಕ್ಕದಲ್ಲಿ ಅವಳ ಒಪ್ಪಿಗೆಗೆ ಬೆಲೆ ಇಲ್ಲ. ಹಾಗಾದರೆ ಹುಡುಗನಿಗೆ ಶಿಕ್ಷೆ ಖಚಿತವಾ?

ಖಚಿತ ಅಲ್ಲ. ಕಾನೂನು ಹೇಳುವುದು 'ಕರೆದೊಯ್ದರೆ ಅಥವಾ ಪುಸಲಾಯಿಸಿದರೆ' ಅಂತ. ಮಗು ತಾನೇ ಬೇಲಿ ಹಾರಿ ಬಂದು ಎದುರು ನಿಂತರೆ ಅದು 'ಕರೆದೊಯ್ದಿದ್ದು' ಆಗುತ್ತದಾ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1964ರಲ್ಲೇ ಉತ್ತರ ಕೊಟ್ಟಿದೆ. ಎಸ್. ವರದರಾಜನ್ ವಿರುದ್ಧ ಮದ್ರಾಸ್ ರಾಜ್ಯ ಅಂತ ಆ ಕೇಸಿನ ಹೆಸರು. ಕಾಲೇಜು ಓದುತ್ತಿದ್ದ, 18ಕ್ಕೆ ಸ್ವಲ್ಪವೇ ಕಡಿಮೆ ಇದ್ದ ಹುಡುಗಿ ತಾನೇ ಫೋನ್ ಮಾಡಿ ಆ ಯುವಕನನ್ನು ಇಂಥ ಕಡೆ ಬಾ ಅಂತ ಕರೆದಳು. ತಾನೇ ನಡೆದು ಬಂದು ಕಾರು ಹತ್ತಿದಳು. ಇಬ್ಬರೂ ಮದುವೆ ನೋಂದಣಿ ಮಾಡಿಸಲು ಹೋದರು. ಕೆಳಗಿನ ಕೋರ್ಟುಗಳು ಅವನಿಗೆ ಶಿಕ್ಷೆ ಕೊಟ್ಟವು. ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು.

ಕೋರ್ಟು ಹೇಳಿದ್ದು ಹೀಗೆ. ಕರೆದುಕೊಂಡು ಹೋಗುವುದು ಬೇರೆ, ಜೊತೆಗೆ ಬರಲು ಬಿಡುವುದು ಬೇರೆ. ತಾನು ಏನು ಮಾಡುತ್ತಿದ್ದೇನೆ ಅಂತ ಪೂರಾ ತಿಳಿಯುವ ವಯಸ್ಸಿನವಳು ತಾನೇ ಮನೆ ಬಿಟ್ಟು ಬಂದಳು. ಅವಳು ಹೊರಡುವ ಮನಸ್ಸು ಮಾಡುವುದರಲ್ಲಿ ಅವನ ಪಾತ್ರ ಏನೂ ಇರಲಿಲ್ಲ. ಹೀಗಿದ್ದಾಗ ಅವನು 'ಕರೆದೊಯ್ದ' ಅನ್ನಲು ಆಗದು.

ಇದನ್ನು ಓದಿ 'ಸರಿ ಹಾಗಾದ್ರೆ, ಹುಡುಗಿ ಒಪ್ಪಿದ್ರೆ ಆಯ್ತು' ಅಂತ ತೀರ್ಮಾನಕ್ಕೆ ಬಂದರೆ ಅದು ದೊಡ್ಡ ತಪ್ಪು. 1972ರಲ್ಲಿ ಹರಿಯಾಣ ರಾಜ್ಯ ವಿರುದ್ಧ ರಾಜಾ ರಾಮ್ ಕೇಸಿನಲ್ಲಿ ಅದೇ ಸುಪ್ರೀಂ ಕೋರ್ಟ್ ಇನ್ನೊಂದು ಮಗ್ಗುಲು ತೋರಿಸಿತು. ಮಗುವಿನ ಒಪ್ಪಿಗೆ ಪೂರ್ತಿ ಅಪ್ರಸ್ತುತ. ಬಲ ಬೇಡ, ಮೋಸವೂ ಬೇಡ. ಹೊರಡುವ ಮನಸ್ಸು ಬರುವ ಹಾಗೆ ಮಾತಿನಲ್ಲಿ ಒಲಿಸಿದ್ದರೂ ಸಾಕು. 1973ರ ಗುಜರಾತಿನ ಇನ್ನೊಂದು ಕೇಸಿನಲ್ಲಿ, ಮುಂಚಿನಿಂದ ಆಸೆ ತೋರಿಸುತ್ತಾ ಬಂದಿದ್ದರೆ, ಕೊನೆಯ ದಿನ ಹುಡುಗಿ ತಾನೇ ಬಂದಳು ಅನ್ನುವುದು ರಕ್ಷಣೆ ಆಗದು ಅಂತ ಹೇಳಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮನೆ ಬಿಡುವ ಯೋಚನೆಯ ಬೀಜ ಬಿತ್ತಿದವರು ಯಾರು? ಕೇಸು ನಿಲ್ಲುವುದೂ ಬೀಳುವುದೂ ಈ ಪ್ರಶ್ನೆಯ ಮೇಲೆ. ಇವತ್ತಿನ ದಿನಗಳಲ್ಲಿ ಉತ್ತರ ಸಿಗುವುದು ವಾಟ್ಸಾಪ್ ಚಾಟಿನಲ್ಲಿ. "ಬಾ, ನಾನಿದ್ದೀನಿ, ಮದುವೆ ಆಗೋಣ" ಅನ್ನುವ ಆರು ತಿಂಗಳ ಹಿಂದಿನ ಮೆಸೇಜು ಇದ್ದರೆ ಅದು ಹುಡುಗನ ವಿರುದ್ಧದ ಸಾಕ್ಷಿ.

ಇನ್ನೊಂದು ವಿಷಯವನ್ನು ಮರೆತೇ ಎಷ್ಟೋ ಹುಡುಗರು ಸಿಕ್ಕಿಹಾಕಿಕೊಳ್ಳುತ್ತಾರೆ. ವರದರಾಜನ್ ಕೇಸಿನ ಕಾಲದಲ್ಲಿ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆ ಇರಲಿಲ್ಲ. 2012ರ ಆ ಕಾಯ್ದೆಯ ಪ್ರಕಾರ 18ರ ಒಳಗಿನವರ ಜೊತೆ ಲೈಂಗಿಕ ಸಂಪರ್ಕಕ್ಕೆ ಒಪ್ಪಿಗೆ ಅನ್ನುವ ಮಾತೇ ಇಲ್ಲ. ಕಿಡ್ನ್ಯಾಪಿಂಗ್ ಬಿದ್ದುಹೋದರೂ ಪೋಕ್ಸೋ ಉಳಿದುಕೊಳ್ಳಬಹುದು, ಅದರ ಶಿಕ್ಷೆ ಇದಕ್ಕಿಂತ ಭಾರಿ.

"ತಾಳಿ ಕಟ್ಟಿದ್ದೀನಿ ಸಾರ್" ಅನ್ನುವುದೂ ಕಾಯುವುದಿಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರ ಕಲಂ 12ರ ಪ್ರಕಾರ, ಪೋಷಕರ ಸುಪರ್ದಿಯಿಂದ ಕರೆದೊಯ್ದು ಅಥವಾ ಪುಸಲಾಯಿಸಿ ಮಾಡಿದ ಅಪ್ರಾಪ್ತರ ಮದುವೆ ಮದುವೆಯೇ ಅಲ್ಲ. ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2016ರ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ ಯಾವುದೇ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಪ್ಪ ಅಮ್ಮನೇ ಮುಂದೆ ನಿಂತು ಮಾಡಿಸಿದ್ದರೂ.

18 ತುಂಬಿದ ಮರುದಿನ ಚಿತ್ರವೇ ಬದಲಾಗುತ್ತದೆ. ಕೀಲಿ ಅವಳ ಕೈಗೆ ಬಂತು. ಹತ್ತೊಂಬತ್ತರ ಮಗಳು ಹೇಳದೆ ಹೋದಳು ಅಂತ ಅಪ್ಪ ದೂರು ಕೊಟ್ಟರೆ ಪೊಲೀಸರು ಕಾಣೆ ಪ್ರಕರಣ ದಾಖಲಿಸಿ ಹುಡುಕಬಹುದು. ಸಿಕ್ಕಮೇಲೆ ಅವಳು "ನನ್ನಿಷ್ಟದಿಂದ ಬಂದೆ" ಅಂದರೆ, ಬಲವಾಗಲೀ ಮೋಸವಾಗಲೀ ಕಾಣದಿದ್ದರೆ, ಕಿಡ್ನ್ಯಾಪಿಂಗೂ ಇಲ್ಲ, ಅಬ್ಡಕ್ಷನ್ನೂ ಇಲ್ಲ. ಆಮೇಲೆ ಮನೆಯವರೇ ಅವಳನ್ನು ಕಾರಿಗೆ ತಳ್ಳಿ ಎಳೆದುಕೊಂಡು ಹೋಗಿ ಕೋಣೆಯಲ್ಲಿ ಕೂಡಿಹಾಕಿದರೆ? ಈಗ ಅಬ್ಡಕ್ಷನ್ ಆರೋಪ ಮನೆಯವರ ಮೇಲೇ ಬರಬಹುದು. 'ನನ್ನ ಮಗಳು' ಅನ್ನುವುದು ಅಲ್ಲಿ ಉತ್ತರ ಆಗುವುದಿಲ್ಲ.

ಮಾರ್ಕ್ಸ್ ಕಾರ್ಡು ಮತ್ತು ಜೂನ್ 1ರ ಹುಟ್ಟುಹಬ್ಬ

ಇಷ್ಟೆಲ್ಲ ನಿಂತಿರುವುದು ಒಂದು ತಾರೀಖಿನ ಮೇಲೆ. ಅವಳು ಹುಟ್ಟಿದ್ದು ಯಾವತ್ತು? ಬಾಲನ್ಯಾಯ ಕಾಯ್ದೆ 2015ರ ಕಲಂ 94 ಇದಕ್ಕೊಂದು ಸಾಲು ಹಾಕಿದೆ. ಮೊದಲು ಶಾಲೆಯ ದಾಖಲೆ ಅಥವಾ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್. ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯ್ತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆಯಂಥ ವೈದ್ಯಕೀಯ ಪರೀಕ್ಷೆ. ಆ ಪರೀಕ್ಷೆ ಅಂದಾಜು ಕೊಡುತ್ತದೆಯೇ ಹೊರತು ತಾರೀಖು ಕೊಡುವುದಿಲ್ಲ.

ನಮ್ಮ ಹಳ್ಳಿಗಳ ಕಥೆ ನಿಮಗೆ ಗೊತ್ತೇ ಇದೆ. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು "ಯಾವಾಗ ಹುಟ್ಟಿದ್ದು?" ಅಂದರೆ, ಅಪ್ಪ "ಆ ವರ್ಷ ಕೆರೆ ಕೋಡಿ ಬಿದ್ದಿತ್ತಲ್ಲ ಸ್ವಾಮಿ, ಆವಾಗ" ಅನ್ನುವರು. ಮೇಷ್ಟ್ರು ಜೂನ್ 1 ಅಂತ ಬರೆದು ಮುಗಿಸುವರು. ಹಳೆಯ ತಲೆಮಾರಿನ ಎಷ್ಟೋ ಜನರ ಹುಟ್ಟುಹಬ್ಬ ಶಾಲೆ ಶುರುವಾಗುವ ದಿನವೇ ಇರುವುದು ಇದಕ್ಕೇ. ಈಗ ಆಸ್ಪತ್ರೆ ಹೆರಿಗೆ ಜಾಸ್ತಿಯಾಗಿ ತಾರೀಖು ಪಕ್ಕಾ ಇರುತ್ತದೆ. ಆದರೆ ದಾಖಲೆಯಲ್ಲಿ ಎರಡು ತಿಂಗಳ ಹೆಚ್ಚುಕಮ್ಮಿ ಆದರೂ ಒಬ್ಬನ ಜೀವನದ ಏಳು ವರ್ಷ ಅತ್ತಿತ್ತ ಆಗಬಹುದು.

"ನೋಡೋಕೆ ಇಪ್ಪತ್ತರ ಹಾಗಿದ್ದಳು, ಅವಳೂ ಹದಿನೆಂಟಾಗಿದೆ ಅಂದಿದ್ದಳು" ಅಂತ ಹೇಳಿದರೆ? 1875ರಲ್ಲಿ ಇಂಗ್ಲೆಂಡಿನ ಪ್ರಿನ್ಸ್ ಅನ್ನುವವನು ಇದೇ ವಾದ ಹೂಡಿದ್ದ. ಹುಡುಗಿ ನಿಜಕ್ಕೂ ಹದಿನಾರರ ಒಳಗಿನವಳು, ತನಗೆ ಹದಿನೆಂಟು ಅಂತ ಹೇಳಿದ್ದಳು, ನೋಡುವುದಕ್ಕೂ ಹಾಗೇ ಇದ್ದಳು. ಆದರೂ ಅವನಿಗೆ ಶಿಕ್ಷೆ ಆಯಿತು. ನಮ್ಮ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಆ ಕೇಸು ಓದುತ್ತಾರೆ.

ನಂಗಲಿ ದಾಟಿದರೆ?

ಕೋಲಾರದವರಿಗೆ ಗಡಿ ಅಂದರೆ ಪಕ್ಕದ ಬೀದಿ. ಮುಳಬಾಗಿಲು ದಾಟಿ ನಂಗಲಿ ಆದಮೇಲೆ ಆಂಧ್ರ. ಬಂಗಾರಪೇಟೆಯಿಂದ ರೈಲಿನಲ್ಲಿ ಕೂತರೆ ಕುಪ್ಪಂ. ಗಡಿ ದಾಟಿಸಿದರೆ ಕೇಸು ದೊಡ್ಡದಾಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಇದೆ. ಇಲ್ಲ. ಕಾನೂನು ಹೇಳುವ ಗಡಿ ಭಾರತದ್ದು, ರಾಜ್ಯದ್ದಲ್ಲ. ಕುಪ್ಪಂಗೆ ಕರೆದೊಯ್ದರೂ ಕೆಜಿಎಫ್‌ಗೆ ಕರೆದೊಯ್ದರೂ ಕಲಂ ಒಂದೇ.

ಅಪ್ಪನೇ ಕರೆದುಕೊಂಡು ಹೋದರೆ

ಗಂಡ ಹೆಂಡತಿ ಬೇರೆ ಇದ್ದಾರೆ. ಮಗು ಅಮ್ಮನ ಹತ್ತಿರ ಇದೆ. ಒಂದು ದಿನ ಅಪ್ಪ ಸ್ಕೂಲಿನಿಂದಲೇ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟುಹೋದ. ಅಮ್ಮ ಸ್ಟೇಷನ್ನಿಗೆ ಓಡಿದರೆ "ಅಪ್ಪ ಅಲ್ವೇನಮ್ಮ" ಅನ್ನುವ ಉತ್ತರ ಸಿಗಬಹುದು. ಅದರಲ್ಲಿ ಕಾನೂನೂ ಸ್ವಲ್ಪ ಇದೆ. ಅಪ್ಪನೂ ಮಗುವಿನ ಸಹಜ ಪೋಷಕ, ಅವನ ಹತ್ತಿರವೂ ಒಂದು ಕೀಲಿ ಇದೆ. ಮಗು ತನ್ನ ಹತ್ತಿರ ಇರಬೇಕಾದ್ದು ನ್ಯಾಯ ಅಂತ ಪ್ರಾಮಾಣಿಕವಾಗಿ ನಂಬಿದವರಿಗೆ ಕಲಂ 137ರಲ್ಲೇ ವಿನಾಯಿತಿ ಇದೆ, ಕೆಟ್ಟ ಉದ್ದೇಶ ಇರಬಾರದು ಅಷ್ಟೇ.

ಮಗು ಅಮ್ಮನ ಬಳಿಯೇ ಇರಬೇಕು ಅಂತ ಕೋರ್ಟು ಆದೇಶ ಮಾಡಿದ್ದರೆ ಆ ಕೀಲಿ ಅವನ ಕೈ ತಪ್ಪಿದ ಹಾಗೆ. ಆದೇಶ ಇಲ್ಲದಿದ್ದರೆ ಅಮ್ಮನಿಗೆ ಕೌಟುಂಬಿಕ ನ್ಯಾಯಾಲಯ ಇದೆ, ತುರ್ತು ಇದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅಂತ ಕೇಳುವ ಅರ್ಜಿ ಇದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಅಂತ 1956ರ ಹಿಂದೂ ಅಪ್ರಾಪ್ತರ ಮತ್ತು ಪೋಷಕತ್ವ ಕಾಯ್ದೆಯೇ ಹೇಳುತ್ತದೆ.

ದುಡ್ಡು ಕೇಳಿದರೆ

ಒತ್ತೆಹಣಕ್ಕೆ ಪ್ರತ್ಯೇಕ ಕಲಂ ಬಂದಿದ್ದು ತಡವಾಗಿ, 1993ರಲ್ಲಿ. ಐಪಿಸಿ 364ಎ ಅಂತ ಸೇರಿಸಿದರು, ಈಗ ಅದು ಬಿಎನ್‌ಎಸ್ 140(2). ಶಿಕ್ಷೆ ಮರಣದಂಡನೆ ಅಥವಾ ಜೀವಾವಧಿ, ನಡುವೆ ಬೇರೆ ಆಯ್ಕೆ ಇಲ್ಲ. ದುಡ್ಡೇ ಕೇಳಬೇಕು ಅಂತಲೂ ಇಲ್ಲ. ಒತ್ತೆ ಇಟ್ಟುಕೊಂಡು ಸರ್ಕಾರ ಇಂಥದ್ದು ಮಾಡಬೇಕು, ಮಾಡಬಾರದು ಅಂತ ಒತ್ತಾಯಿಸಿದರೂ ಇದರೊಳಗೇ ಬರುತ್ತದೆ.

ಶಿಕ್ಷೆ ಇಷ್ಟು ಭಾರಿ ಇರುವುದರಿಂದ ಕೋರ್ಟುಗಳು ಅಕ್ಷರ ಅಕ್ಷರ ನೋಡುತ್ತವೆ. ಹೈದರಾಬಾದಿನಲ್ಲಿ ಆಟೋ ಡ್ರೈವರೊಬ್ಬ ಶಾಲಾ ಹುಡುಗನನ್ನು ಕರೆದೊಯ್ದು ಎರಡು ಲಕ್ಷ ಕೇಳಿದ್ದ. ಅವನಿಗೆ ಜೀವಾವಧಿ ಆಗಿತ್ತು. 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದು ಕಿಡ್ನ್ಯಾಪಿಂಗ್‌ಗೆ ಮಾತ್ರ ಏಳು ವರ್ಷ ಉಳಿಸಿತು. ಕಾರಣ, ದುಡ್ಡು ಕೇಳಿದ್ದು ಒಂದೇ ಸಾಲದು. ಕೊಲ್ಲುತ್ತೇನೆ ಅಥವಾ ಗಾಯ ಮಾಡುತ್ತೇನೆ ಅನ್ನುವ ಬೆದರಿಕೆ, ಇಲ್ಲವೇ ಅಂಥ ಭಯ ಹುಟ್ಟಿಸುವ ನಡತೆಯೂ ಸಾಬೀತಾಗಬೇಕು. ಅದು ಆಗಿರಲಿಲ್ಲ. ರಾಜ್‌ಕುಮಾರ್ ಪ್ರಕರಣದಲ್ಲಿ ಉಳಿದಿದ್ದ ಆರೋಪಿಗಳನ್ನೂ 2018ರಲ್ಲಿ ಗೋಬಿಚೆಟ್ಟಿಪಾಳಯದ ಕೋರ್ಟು ಖುಲಾಸೆ ಮಾಡಿತು. ಜಗತ್ತಿಗೇ ಗೊತ್ತಿರುವ ಘಟನೆಯಾದರೂ ಕಟಕಟೆಯಲ್ಲಿ ನಿಂತವರ ಕೈವಾಡ ಸಾಕ್ಷಿಯಿಂದ ತೋರಿಸಬೇಕಾಗುತ್ತದೆ.

ಮಗು ಕಾಣದಿದ್ದಾಗ

"ಬೈದಿದ್ದಕ್ಕೆ ಮುನಿಸಿಕೊಂಡು ಹೋಗಿರಬೇಕು, ಸಂಜೆ ಬರ್ತಾನೆ ಬಿಡಿ" ಅಂತ ಪೊಲೀಸರು ವಾಪಸ್ ಕಳಿಸುವ ಕಾಲ ಒಂದಿತ್ತು. 2013ರ ಮೇ ತಿಂಗಳಲ್ಲಿ ಬಚಪನ್ ಬಚಾವೋ ಆಂದೋಲನ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. ಮಗು ಕಾಣೆಯಾದ ಪ್ರತಿ ದೂರಿಗೂ ಎಫ್‌ಐಆರ್ ಆಗಬೇಕು. ಬೇರೆ ಅಂತ ಗೊತ್ತಾಗುವ ತನಕ ಅದು ಕಿಡ್ನ್ಯಾಪಿಂಗ್ ಅಥವಾ ಮಕ್ಕಳ ಕಳ್ಳಸಾಗಣೆ ಅಂತಲೇ ಭಾವಿಸಿ ಹುಡುಕಬೇಕು.

ಮನೆ ಬಿಟ್ಟು ಹೋದ ಹುಡುಗನ ಸುದ್ದಿಯಲ್ಲೂ 'ಅಪಹರಣ ಪ್ರಕರಣ ದಾಖಲು' ಅಂತ ಇರುವುದು ಇದರಿಂದ. ಅದನ್ನು ಓದಿ ಊರಿಗೆ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪಿನಲ್ಲಿ ಹರಿಬಿಡುವವರು ಒಂದು ಕ್ಷಣ ನಿಲ್ಲಬೇಕು. 2018ರಲ್ಲಿ ಇಂಥದೇ ವದಂತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರು, ಬೀದರ್ ಜಿಲ್ಲೆಯಲ್ಲಿ ಇನ್ನೊಬ್ಬರು ಜನರ ಕೈಯಲ್ಲೇ ಹೊಡೆತ ತಿಂದು ಸತ್ತರು. ಇಬ್ಬರೂ ಮಕ್ಕಳ ಕಳ್ಳರಾಗಿರಲಿಲ್ಲ.

ನಿಮ್ಮ ಮನೆಯ ಮಗುವೇ ಕಾಣದಿದ್ದರೆ 24 ಗಂಟೆ ಕಾಯಬೇಕು ಅನ್ನುವ ನಿಯಮ ಯಾವ ಕಾನೂನಿನಲ್ಲೂ ಇಲ್ಲ. 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಕ್ಷಣ ಫೋನ್ ಮಾಡಬಹುದು. ಹತ್ತಿರದ ಯಾವ ಸ್ಟೇಷನ್ನಾದರೂ ಸರಿ. "ಇದು ನಮ್ಮ ಸರಹದ್ದಲ್ಲ" ಅಂತ ಅವರು ಕಳಿಸುವಂತಿಲ್ಲ. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ದೂರು ಬರೆದುಕೊಳ್ಳಬೇಕು. ಇದಕ್ಕೆ ಜೀರೋ ಎಫ್‌ಐಆರ್ ಅಂತಾರೆ. ಕುಪ್ಪಂ ಜಾತ್ರೆಯಲ್ಲಿ ಮಗು ತಪ್ಪಿಸಿಕೊಂಡಿದ್ದು ಬಂಗಾರಪೇಟೆಗೆ ಬಂದಮೇಲೆ ಗೊತ್ತಾದರೆ ಬಂಗಾರಪೇಟೆಯಲ್ಲೇ ದೂರು ಕೊಡಿ. ಕಾಗದ ಕುಪ್ಪಂಗೆ ಮುಟ್ಟಿಸುವುದು ಪೊಲೀಸರ ಕೆಲಸ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡುತ್ತಾರೆ, ಕೇಳಿ ಇಸಿದುಕೊಳ್ಳಿ, ಅದರಲ್ಲಿ ಯಾವ ಕಲಂ ಬರೆದಿದ್ದಾರೆ ಅಂತ ಒಮ್ಮೆ ನೋಡಿ.